ಅಳದ ಮಗುವನ್ನು ಮೊದಲು ನೋಡಿ

1976ರ ಫೆಬ್ರವರಿ 17ರ ರಾತ್ರಿ. ಅಮೆರಿಕದ ನೆಬ್ರಾಸ್ಕಾ ರಾಜ್ಯದ ಹೊಲವೊಂದರಲ್ಲಿ ಪುಟ್ಟ ವಿಮಾನವೊಂದು ಉರುಳಿಬಿತ್ತು. ಅದನ್ನು ನಡೆಸುತ್ತಿದ್ದವರು ಮೂಳೆವೈದ್ಯ ಜೇಮ್ಸ್ ಸ್ಟೈನರ್. ಪತ್ನಿ ಅಲ್ಲೇ ತೀರಿಕೊಂಡರು. ನಾಲ್ವರು ಮಕ್ಕಳಲ್ಲಿ ಮೂವರಿಗೆ ತೀವ್ರ ಪೆಟ್ಟು. ಕೊರೆವ ಚಳಿಯಲ್ಲಿ ಮಕ್ಕಳನ್ನು ಕಾಪಾಡಿಕೊಂಡ ಸ್ಟೈನರ್, ದಾರಿಯಲ್ಲಿ ಹೋಗುತ್ತಿದ್ದ ಕಾರು ನಿಲ್ಲಿಸಿ ಹತ್ತಿರದ ಸಣ್ಣ ಆಸ್ಪತ್ರೆ ಸೇರಿದರು. ಅಲ್ಲಿ ಸಿಕ್ಕ ಚಿಕಿತ್ಸೆಗಿಂತ ಹೊಲದಲ್ಲಿ ತಾವು ಬರಿಗೈಯಲ್ಲಿ ಮಾಡಿದ್ದೇ ಮೇಲು ಎನ್ನಿಸಿತು ಅವರಿಗೆ. ಆ ನೋವಿನಿಂದಲೇ 1978ರಲ್ಲಿ ವೈದ್ಯರಿಗಾಗಿ ಒಂದು ತರಬೇತಿ ಹುಟ್ಟಿತು. ಇಂದು ಅದು ಭಾರತವೂ ಸೇರಿದಂತೆ ಹಲವು ದೇಶಗಳಲ್ಲಿ ನಡೆಯುತ್ತಿದೆ.

ಅದರ ಸೂತ್ರ ಸರಳ: ಬೇಗ ಪ್ರಾಣ ತೆಗೆಯುವುದನ್ನು ಮೊದಲು ಸರಿಪಡಿಸಬೇಕು. ಹೊರಗೆ ರಕ್ತ ಧಾರಾಕಾರವಾಗಿ ಸುರಿಯುತ್ತಿದ್ದರೆ ಮೊದಲು ಅದನ್ನು ತಡೆದು, ಕತ್ತು ಅಲುಗದಂತೆ ಹಿಡಿದು, ಉಸಿರಿನ ದಾರಿ ತೆರೆದಿದೆಯೇ ಎಂದು ನೋಡುವುದು. ಆಮೇಲೆ ಉಸಿರಾಟ, ಬಳಿಕ ರಕ್ತಸಂಚಾರ, ನಂತರ ಪ್ರಜ್ಞೆ. ಕೊನೆಗೆ ಬಟ್ಟೆ ಸರಿಸಿ ಮೈಯೆಲ್ಲ ಪರೀಕ್ಷಿಸಿ, ಕೂಡಲೇ ಹೊದಿಸುವುದು. ಮಕ್ಕಳ ಮೈ ಬಹುಬೇಗ ತಣ್ಣಗಾಗುತ್ತದೆ.

ಮಗುವೆಂದರೆ ದೊಡ್ಡವರ ಚಿಕ್ಕ ಪ್ರತಿಯಲ್ಲ. ಮೈಗೆ ಹೋಲಿಸಿದರೆ ಅದರ ತಲೆ ದೊಡ್ಡದು. ಅಂಗಾತ ಮಲಗಿಸಿದರೆ ಕತ್ತು ಮುಂದಕ್ಕೆ ಬಾಗಿ ಉಸಿರಿನ ದಾರಿ ಕಿರಿದಾಗಬಹುದು. ಅದಕ್ಕೇ ವೈದ್ಯರು ಬೆನ್ನಿನಡಿ ತೆಳುವಾದ ಮಡಿಕೆ ಬಟ್ಟೆ ಇಡುತ್ತಾರೆ. ಪಕ್ಕೆಲುಬುಗಳು ಎಳಸು. ಅವು ಮುರಿಯದೆ ಬಾಗುವುದರಿಂದ, ಮೇಲೆ ಏನೂ ಕಾಣದಿದ್ದರೂ ಒಳಗೆ ಶ್ವಾಸಕೋಶ ಜಜ್ಜಿರಬಹುದು.

ಎಲ್ಲಕ್ಕಿಂತ ಮೋಸಗೊಳಿಸುವುದು ರಕ್ತಸ್ರಾವ. ಮಗುವಿನ ಪ್ರತಿ ಕಿಲೋ ತೂಕಕ್ಕೆ ಸುಮಾರು 80 ಮಿಲಿಲೀಟರ್ ರಕ್ತವಿರುತ್ತದೆ. ಹತ್ತು ಕಿಲೋ ಮಗುವಿನಲ್ಲಿ ಒಟ್ಟು 800 ಮಿಲಿಲೀಟರ್, ಒಂದು ಲೀಟರೂ ಇಲ್ಲ! ಅದರಲ್ಲಿ ಒಂದು ಲೋಟದಷ್ಟು, ಅಂದರೆ ಶೇಕಡ 30ರಷ್ಟು ಸೋರಿಹೋದರೂ ರಕ್ತದೊತ್ತಡ ಇಳಿಯದಿರಬಹುದು. ಹೃದಯ ವೇಗವಾಗಿ ಬಡಿಯುತ್ತದೆ, ರಕ್ತನಾಳಗಳು ಸಂಕುಚಿಸುತ್ತವೆ, ಒತ್ತಡ ನಿಂತಿರುತ್ತದೆ. ಆ ಶಕ್ತಿ ಮುಗಿದಾಗ ಒಮ್ಮೆಲೇ ಕುಸಿತ. ಆದ್ದರಿಂದ ಅನುಭವಿ ವೈದ್ಯರು ಒತ್ತಡದ ಅಂಕಿಯನ್ನಷ್ಟೇ ನಂಬುವುದಿಲ್ಲ. ನಾಡಿಯ ವೇಗ, ತಣ್ಣನೆಯ ಕೈಕಾಲು, ಬಿಳುಚಿದ ಚರ್ಮ ನೋಡುತ್ತಾರೆ.

ಅಪಘಾತವಾದಲ್ಲಿ ಜೋರಾಗಿ ಅಳುವ ಮಗುವಿನತ್ತ ಎಲ್ಲರೂ ಓಡುತ್ತಾರೆ. ಆದರೆ ಅಳುವ ಮಗು ಉಸಿರಾಡುತ್ತಿದೆ. ಸದ್ದಿಲ್ಲದೆ ಮಂಕಾಗಿ ಬಿದ್ದಿರುವ ಮಗುವಿಗೇ ಹೆಚ್ಚು ಅಪಾಯ. ಅದರ ಬಾಯಿಗೆ ನೀರು ಹಾಕಬೇಡಿ, ಅದು ಶ್ವಾಸಕೋಶಕ್ಕೆ ಇಳಿದೀತು. ಹೆಗಲ ಮೇಲೆ ಹೊತ್ತು ಓಡಬೇಡಿ, ಕತ್ತಿನ ಮೂಳೆಗೆ ಏಟಾಗಿರಬಹುದು. ರಕ್ತ ಸುರಿಯುತ್ತಿದ್ದರೆ ಶುದ್ಧ ಬಟ್ಟೆಯಿಂದ ಬಿಗಿಯಾಗಿ ಒತ್ತಿ ಹಿಡಿಯಿರಿ, ಬೆಚ್ಚಗೆ ಹೊದಿಸಿ, 108ಕ್ಕೆ ಫೋನ್ ಮಾಡಿ. ವೈದ್ಯರ ಕೈಗೆ ಮಗು ಉಸಿರಾಡುತ್ತ ತಲುಪಿದರೆ ಅರ್ಧ ಗೆದ್ದಂತೆ.