ಜಾಕೆಟ್ಟು ಬರೀ ರಾಫ್ಟಿಂಗಿನವರಿಗಾ ಸ್ವಾಮೀ?

ರಜೆ ಬಂದರೆ ಸಾಕು, ನಮ್ಮ ಬ್ಲಾಗುಗಳಲ್ಲೆಲ್ಲ ನದಿ ಹರಿಯೋಕೆ ಶುರು! ಹೊನ್ನಾವರದ ಶರಾವತಿಯಲ್ಲಿ ದೋಣಿ ವಿಹಾರ, ಕಾಳಿಯಲ್ಲಿ ರಾಫ್ಟಿಂಗು, ದಂಡೆ ಮೇಲೆ ಕೂತು ತಿಂದ ಮೀನು... ಫೋಟೋಗಳೂ ಸಖತ್ತಾಗೇ ಇರುತ್ತವೆ, ಇಲ್ಲ ಅನ್ನಲ್ಲ. ಆದರೆ ಒಂದು ವಿಷಯಕ್ಕೆ ನಂಗೆ ಮೈ ಉರಿಯುತ್ತೆ. ದೋಣಿಯಲ್ಲಿ ಕೂತು ನಗ್ತಿರೋ ಹತ್ತು ಜನರಲ್ಲಿ ಎಂಟು ಜನರ ಮೈಮೇಲೆ ಲೈಫ್ ಜಾಕೆಟ್ ಇರೋದಿಲ್ಲ. ಉಳಿದಿಬ್ಬರು ಹಾಕಿದ್ದರೂ ಬಕಲ್ ಬಿಚ್ಚಿರುತ್ತೆ.

ಗಣೇಶಗುಡಿಗೆ ಹೋದವರು ನೆನಪು ಮಾಡ್ಕೊಳ್ಳಿ. ಮೇಲೆ ಸೂಪಾದಲ್ಲಿ ಕರೆಂಟು ತೆಗೆದು ಬಿಟ್ಟ ನೀರು ಬಂದರೆ ಕೆಳಗೆ ರಾಫ್ಟು ಇಳಿಯುತ್ತೆ. ಅಲ್ಲಿ ಎಲ್ಲರ ತಲೆಗೂ ಹೆಲ್ಮೆಟ್ಟು, ಮೈಗೆ ಜಾಕೆಟ್ಟು. ಗೈಡು ಒಬ್ಬೊಬ್ಬರ ಪಟ್ಟಿಯನ್ನೂ ಎಳೆದು ನೋಡ್ತಾನೆ. ಬಿದ್ದರೆ ಅಂಗಾತ ಮಲಗಿ, ಕಾಲು ಮುಂದೆ ಮಾಡಿ ತೇಲಿ ಅಂತ ಪಾಠ ಬೇರೆ. ನೊರೆ ನೀರು ಕಂಡರೆ ನಮಗೆ ಭಯ, ಭಯ ಇದ್ದಲ್ಲಿ ಶಿಸ್ತು. ಅದೇ ಜನ ಮಾರನೇ ದಿನ ಸಮತಟ್ಟು ನೀರಲ್ಲಿ ವಿಹಾರದ ದೋಣಿ ಹತ್ತಿದರೆ ಜಾಕೆಟ್ಟು ಸೀಟಿನ ಕೆಳಗೆ. "ಇಲ್ಲೇನಿದೆ ಅಲೆ?" ಅಂತಾರೆ.

ಸರಿ, ಸಮತಟ್ಟು ನೀರಿನ ಲೆಕ್ಕವನ್ನೇ ನೋಡೋಣ. 2009ರ ಸೆಪ್ಟೆಂಬರ್ 30, ತೇಕ್ಕಡಿ ಜಲಾಶಯ: 45 ಸಾವು. 2023ರ ಮೇ 7, ಕೇರಳದ ತಾನೂರು: ಮೀನು ಹಿಡಿಯೋ ದೋಣಿಯನ್ನೇ ಮಾರ್ಪಡಿಸಿ ಮಾಡಿದ ಪ್ರವಾಸಿ ದೋಣಿ, ಮಿತಿಮೀರಿದ ಜನ, 22 ಸಾವು. 2024ರ ಜನವರಿ 18, ವಡೋದರದ ಹರಣಿ ಕೆರೆ: ಪ್ರವಾಸಕ್ಕೆ ಬಂದಿದ್ದ ಶಾಲಾ ಮಕ್ಕಳು 12, ಶಿಕ್ಷಕಿಯರು 2. ಈ ಮೂರರಲ್ಲಿ ಎಲ್ಲಾದರೂ ನೊರೆ ನೀರಿತ್ತಾ, ಹೇಳಿ?

ದೋಣಿ ಮಗುಚೋಕೆ ಅಲೆಯೇ ಬೇಕಿಲ್ಲ, ನಾವೇ ಸಾಕು. ಮೇಲಿನ ಅಂತಸ್ತಿನಲ್ಲಿ ಜನ ತುಂಬಿದಷ್ಟೂ ಭಾರ ಮೇಲಕ್ಕೇರುತ್ತೆ. "ಅಗೋ ಜೆಟ್ ಸ್ಕೀ!" ಅಂತ ಒಬ್ಬ ಕೂಗಿದ ಅಂದ್ಕೊಳ್ಳಿ, ಎಲ್ಲರೂ ಮೊಬೈಲು ಹಿಡಿದು ಅದೇ ಬದಿಗೆ. ದೋಣಿ ವಾಲುತ್ತೆ, ವಾಲಿದ ಕಡೆಗೇ ಉಳಿದವರೂ ಜಾರ್ತಾರೆ. ತೇಕ್ಕಡಿಯಲ್ಲೂ ಪ್ರಾಣಿ ನೋಡೋಕೆ ಜನ ಒಂದೇ ಬದಿಗೆ ಸರಿದರು ಅಂತಲೇ ಆಗ ಸುದ್ದಿಯಾಗಿತ್ತು.

ಹೋದ ವರ್ಷ ನಾನು ಒಂದು ದೋಣಿಯಲ್ಲಿ ಮಗಳಿಗೆ ಚಿಕ್ಕ ಅಳತೆಯ ಜಾಕೆಟ್ ಕೇಳಿದೆ. "ಸಾರ್, ಇಪ್ಪತ್ತು ವರ್ಷದಿಂದ ಓಡಿಸ್ತಿದೀನಿ, ಏನೂ ಆಗಿಲ್ಲ" ಅಂದ ಆತ. ಪಕ್ಕದವರು ನನ್ನನ್ನೇ ಪುಕ್ಕಲನ ಥರ ನೋಡಿದರು. ಇಪ್ಪತ್ತು ವರ್ಷ ಏನೂ ಆಗದೇ ಇರೋದು ಅದೃಷ್ಟ ಸ್ವಾಮೀ, ಸುರಕ್ಷತೆ ಅಲ್ಲ.

"ನಂಗೆ ಈಜು ಬರುತ್ತಲ್ಲಾ" ಅನ್ನೋರಿಗೆ ಒಂದು ಮಾತು. ಮೈತುಂಬ ಬಟ್ಟೆ, ಕತ್ತಿಗೆ ಜೋತುಬಿದ್ದ ಇನ್ನೊಬ್ಬರು, ಮೇಲೆ ಮಗುಚಿದ ದೋಣಿ... ಬಾವಿಯಲ್ಲಿ ಕಲಿತ ಈಜು ಅಲ್ಲಿ ಎಷ್ಟು ಹೊತ್ತು? ಜಾಕೆಟ್ಟು ಬೆವರು ವಾಸನೆ ಹೊಡೆಯುತ್ತೆ ಅನ್ನೋ ದೂರು ಮಾತ್ರ ನಿಜ. ಒಗೆಸಿ ಅಂತ ಜಗಳ ಆಡೋಣ, ಬಿಚ್ಚಿಡೋದು ಬೇಡ.

ಹಾಗಂತ ಜಾಕೆಟ್ ಒಂದೇ ಸಾಲದು. ಮುಚ್ಚಿದ ಕೆಳ ಅಂತಸ್ತಿನಲ್ಲಿ ಸಿಕ್ಕಿಕೊಂಡರೆ ಅದೇ ನಮ್ಮನ್ನು ಚಾವಣಿಗೆ ಒತ್ತಿ ಹಿಡಿಯಬಹುದು. ಆದ್ದರಿಂದ ಬಯಲಲ್ಲಿ ಕೂರಿ, ಎಷ್ಟು ಜನಕ್ಕೆ ಪರವಾನಗಿ ಇದೆ ಅಂತ ಕೇಳಿ, ತಲೆ ಎಣಿಸಿ, ಜಾಸ್ತಿ ಇದ್ದರೆ ಇಳಿದುಬಿಡಿ. ದುಡ್ಡು ಹೋದರೆ ಹೋಗಲಿ.

ಇದನ್ನೆಲ್ಲ ಸರ್ಕಾರಕ್ಕೆ ಬರೆಯೋ ಬದಲು ನಿಮಗೇ ಯಾಕೆ ಬರೀತಿದೀನಿ ಅಂದ್ರೆ, ಹೋಗೋ ಮುಂಚೆ ಜನ ಓದೋದು ನಿಮ್ಮ ಪ್ರವಾಸ ಕಥನಗಳನ್ನ. ಊಟದ ರೇಟು, ರೂಮಿನ ಬಾಡಿಗೆ, ಸೂರ್ಯಾಸ್ತದ ಟೈಮು ಎಲ್ಲ ಬರೀತೀರಿ. ಮಕ್ಕಳ ಅಳತೆಯ ಜಾಕೆಟ್ ಇತ್ತಾ, ಎಷ್ಟು ಜನರನ್ನ ತುಂಬಿಸಿದರು ಅನ್ನೋ ಎರಡು ಸಾಲು ಸೇರಿಸಿದರೆ ಏನು ಗಂಟು ಹೋಗುತ್ತೆ? ನಾಲ್ಕು ಜನ ಹಾಗೆ ಬರೆದರೆ ದೋಣಿಯವನೂ ಜಾಕೆಟ್ ತರಿಸ್ತಾನೆ, ಗಿರಾಕಿ ತಪ್ಪುತ್ತಲ್ಲ!

ಬೈಯೋದಿದ್ರೆ ಕಾಮೆಂಟಿನಲ್ಲಿ ಬೈಯಿರಿ, ಬೇಜಾರಿಲ್ಲ. ಬಕಲ್ ಮಾತ್ರ ಹಾಕ್ಕೊಳ್ಳಿ :)