ದ್ವೀಪಕ್ಕೆ ಕೇಬಲ್ ಮುಟ್ಟಿತು, ಮೇಷ್ಟ್ರು ಮುಟ್ಟಲಿಲ್ಲ

ಚೆನ್ನೈನ ವೇಲಚೇರಿಯ ಸುತ್ತ ಕೆಲವೇ ಕಿಲೋಮೀಟರುಗಳ ಒಳಗೆ ದೇಶದ ಮೂರು ದೊಡ್ಡ ಸಂಸ್ಥೆಗಳಿವೆ. ಒಂದು ಐಐಟಿ ಮದ್ರಾಸ್. ಅದರ ಆವರಣಕ್ಕೆ ವೇಲಚೇರಿ ಕಡೆಯಿಂದಲೇ ಒಂದು ಗೇಟು ಇದೆ. ಪಕ್ಕದ ತರಮಣಿಯಲ್ಲಿ ಎಂ.ಎಸ್. ಸ್ವಾಮಿನಾಥನ್ ಸಂಶೋಧನಾ ಪ್ರತಿಷ್ಠಾನ. ತಾಂಬರಂ ಕಡೆಗೆ ಹೋಗುವ ವೇಲಚೇರಿ ಮುಖ್ಯರಸ್ತೆಯಲ್ಲಿ, ಪಳ್ಳಿಕರಣೈ ಬಳಿ, ರಾಷ್ಟ್ರೀಯ ಸಾಗರ ತಂತ್ರಜ್ಞಾನ ಸಂಸ್ಥೆ. ಆನ್‌ಲೈನ್ ಪಾಠ ಹೇಳಲು ಬಲ್ಲವರು, ಹಳ್ಳಿಯಲ್ಲಿ ಮಾಹಿತಿ ಕೇಂದ್ರ ನಡೆಸಿದವರು, ದ್ವೀಪಗಳಲ್ಲಿ ಕೆಲಸ ಮಾಡಿ ಬಂದವರು ಒಂದೇ ಬಡಾವಣೆಯ ಆಸುಪಾಸಿನಲ್ಲಿದ್ದಾರೆ. ಅಂಡಮಾನ್ ಮತ್ತು ನಿಕೋಬಾರಿಗೆ ಸಮುದ್ರದಡಿಯ ಇಂಟರ್‌ನೆಟ್ ಕೇಬಲ್ ಹೊರಟದ್ದೂ ಇದೇ ಚೆನ್ನೈನಿಂದ. ಹೀಗಿದ್ದೂ ದ್ವೀಪದ ಹಳ್ಳಿಗಳ ಹುಡುಗ ಹುಡುಗಿಯರಿಗೆ ಡಿಜಿಟಲ್ ಸಾಧನ ಹಿಡಿದು ಕೂಡಿ ಕಲಿಯುವುದನ್ನು, ಕೂಡಿ ದುಡಿಯುವುದನ್ನು ಕಲಿಸುವ ಹೊಣೆ ಯಾರದ್ದೂ ಆಗಿಲ್ಲ. ಇದು ಹಣದ ಕೊರತೆಯಲ್ಲ, ತಂತ್ರಜ್ಞಾನದ ಕೊರತೆಯೂ ಅಲ್ಲ. ಆಡಳಿತದ ಆದ್ಯತೆ ತಪ್ಪಿದೆ.

ಲೆಕ್ಕ ನೋಡಿ. ಚೆನ್ನೈ–ಅಂಡಮಾನ್ ಕೇಬಲ್ 2020ರ ಆಗಸ್ಟ್ 10ರಂದು ಉದ್ಘಾಟನೆಯಾಯಿತು. ಉದ್ದ ಸುಮಾರು 2,300 ಕಿಲೋಮೀಟರ್, ವೆಚ್ಚ ಸುಮಾರು 1,224 ಕೋಟಿ ರೂಪಾಯಿ. ಪೋರ್ಟ್ ಬ್ಲೇರ್ ಮಾತ್ರವಲ್ಲ, ಕಾರ್ ನಿಕೋಬಾರ್, ಕಮೋರ್ಟಾ, ಗ್ರೇಟ್ ನಿಕೋಬಾರ್, ಲಿಟಲ್ ಅಂಡಮಾನ್‌ಗಳಿಗೂ ಅದು ಮುಟ್ಟಿದೆ. ಕೊಚ್ಚಿಯಿಂದ ಲಕ್ಷದ್ವೀಪಕ್ಕೆ ಎಳೆದ ಇನ್ನೊಂದು ಕೇಬಲ್ 2024ರ ಜನವರಿ 3ರಂದು ಕವರತ್ತಿಯಲ್ಲಿ ಉದ್ಘಾಟನೆಯಾಯಿತು. ಅದಕ್ಕೆ 1,072 ಕೋಟಿ. ಎರಡೂ ಸೇರಿ ಸುಮಾರು 2,296 ಕೋಟಿ ರೂಪಾಯಿ. ಅದುವರೆಗೆ ಉಪಗ್ರಹವೊಂದೇ ಗತಿಯಾಗಿದ್ದ ಜನರಿಗೆ ಇದು ಸಣ್ಣ ಉಪಕಾರವಲ್ಲ. ಹಾಕಿದ್ದು ಸರಿ, ಹಾಕಬೇಕಿತ್ತು. ಉದ್ಘಾಟನೆಯ ದಿನ ಹೇಳಿದ ಪ್ರಯೋಜನಗಳ ಪಟ್ಟಿಯಲ್ಲಿ ಆನ್‌ಲೈನ್ ಶಿಕ್ಷಣವೂ ಇತ್ತು. ಆದರೆ ವೇಗ ಎಷ್ಟು ಎಂದು ಹೇಳಿದಷ್ಟು ಸ್ಪಷ್ಟವಾಗಿ, ಆ ವೇಗವನ್ನು ಬಳಸಲು ಕಲಿಸುವವರು ಯಾರು ಎಂದು ಯಾರೂ ಹೇಳಲಿಲ್ಲ. ಕಾಲುವೆ ತೋಡಿಸಿ, ನೀರು ಹರಿಸಿ, ಬಿತ್ತನೆಯನ್ನೇ ಮರೆತ ಹಾಗಾಯಿತು.

ತರಬೇತಿಗೆ ಬೇರೆ ಯೋಜನೆ ಇತ್ತಲ್ಲ ಎಂದು ಅಧಿಕಾರಿಗಳು ಹೇಳಬಹುದು. ಇತ್ತು. ಪ್ರಧಾನಮಂತ್ರಿ ಗ್ರಾಮೀಣ ಡಿಜಿಟಲ್ ಸಾಕ್ಷರತಾ ಅಭಿಯಾನಕ್ಕೆ 2017ರಲ್ಲಿ ಒಪ್ಪಿಗೆ ಸಿಕ್ಕಿತು, 2024ರ ಮಾರ್ಚ್ 31ಕ್ಕೆ ಅದು ಮುಗಿಯಿತು. 6 ಕೋಟಿ ಗ್ರಾಮೀಣರನ್ನು ಡಿಜಿಟಲ್ ಸಾಕ್ಷರರನ್ನಾಗಿ ಮಾಡುವ ಗುರಿ ದಾಟಿದೆವು ಎಂದು ಸರ್ಕಾರ ಲೆಕ್ಕ ಒಪ್ಪಿಸಿದೆ. ಆ ತರಬೇತಿಯ ಅವಧಿ ಎಷ್ಟು? 20 ಗಂಟೆ. ಒಂದು ಮನೆಯಿಂದ ಒಬ್ಬರಿಗೆ ಮಾತ್ರ ಅವಕಾಶ. ಫೋನ್ ಚಾಲೂ ಮಾಡುವುದು, ಇಮೇಲ್ ಕಳಿಸುವುದು, ಡಿಜಿಟಲ್ ಪಾವತಿ, ಸರ್ಕಾರಿ ಸೇವೆಗೆ ಅರ್ಜಿ. ಅಕ್ಷರಾಭ್ಯಾಸಕ್ಕೆ ಇಷ್ಟು ಸಾಕೆನ್ನಿ. ಆದರೆ ಬೇರೆ ಬೇರೆ ದ್ವೀಪದ ನಾಲ್ವರು ಒಂದೇ ಕಡತದಲ್ಲಿ ಬರೆಯುವುದು, ಒಬ್ಬರ ತಪ್ಪನ್ನು ಇನ್ನೊಬ್ಬರು ತಿದ್ದುವುದು, ಊರಿನ ಬಾವಿಗಳ ನಕ್ಷೆ ಮಾಡುವುದು, ಮೀನಿನ ದರವನ್ನು ಪಟ್ಟಿಯಲ್ಲಿಟ್ಟು ವ್ಯಾಪಾರಿಯೊಡನೆ ಚೌಕಾಸಿ ಮಾಡುವುದು, ಸುಳ್ಳು ಸುದ್ದಿಯನ್ನು ಗುರುತಿಸುವುದು, ಇವೆಲ್ಲ 20 ಗಂಟೆಯಲ್ಲಿ ಬರುವ ವಿದ್ಯೆಗಳಲ್ಲ. ತಲೆ ಎಣಿಸಿ ಪ್ರಮಾಣಪತ್ರ ಹಂಚುವುದನ್ನು ಶಿಕ್ಷಣ ಎಂದು ಕರೆಯಲಾಗದು.

‘ಜಾಲ ಸಿಕ್ಕರೆ ಹುಡುಗರು ತಾವೇ ಕಲಿಯುತ್ತಾರೆ’ ಎಂಬ ಇನ್ನೊಂದು ವಾದವೂ ಇದೆ. ಅದಕ್ಕೆ ಉತ್ತರ ‘ಅಸರ್ 2023’ ಎಂಬ ಶಿಕ್ಷಣ ಸಮೀಕ್ಷೆಯ ವರದಿಯಲ್ಲಿದೆ. ಗ್ರಾಮೀಣ ಭಾರತದ 14ರಿಂದ 18ರ ವಯಸ್ಸಿನವರಲ್ಲಿ ಶೇ 90ರಷ್ಟು ಮಂದಿಯ ಮನೆಯಲ್ಲಿ ಸ್ಮಾರ್ಟ್‌ಫೋನ್ ಇದೆ, ಬಳಸಲೂ ಬರುತ್ತದೆ. ಸಮೀಕ್ಷೆಯ ಹಿಂದಿನ ವಾರ ಅದನ್ನು ಓದಿಗೆ ಸಂಬಂಧಿಸಿದ ಕೆಲಸಕ್ಕೆ ಬಳಸಿದವರು ಮೂರರಲ್ಲಿ ಎರಡು ಪಾಲು. ಸಾಮಾಜಿಕ ಜಾಲತಾಣಕ್ಕೆ ಬಳಸಿದವರು ಹತ್ತರಲ್ಲಿ ಒಂಬತ್ತು. ಫೋನ್ ಬಳಸಬಲ್ಲವರಲ್ಲಿ ಸ್ವಂತ ಫೋನ್ ಉಳ್ಳ ಹುಡುಗರು ಶೇ 43.7, ಹುಡುಗಿಯರು ಶೇ 19.8. ತಾವೇ ಕಲಿಯಲಿ ಎಂದು ಬಿಟ್ಟರೆ ಮೊದಲು ಹಿಂದೆ ಬೀಳುವವಳು ಹುಡುಗಿ. ಫೋನು ಅಣ್ಣನ ಕೈಯಲ್ಲೋ ಅಪ್ಪನ ಜೇಬಿನಲ್ಲೋ ಇರುತ್ತದೆ.

ಹಾಗಾದರೆ ದಾರಿ ಯಾವುದು? ದೂರ ಹೋಗಬೇಕಿಲ್ಲ, ವೇಲಚೇರಿಯ ಪಕ್ಕದಲ್ಲೇ ಪಾಠವಿದೆ. ಸ್ವಾಮಿನಾಥನ್ ಪ್ರತಿಷ್ಠಾನ 1998ರಲ್ಲಿ ಪುದುಚೇರಿಯ ಹಳ್ಳಿಗಳಲ್ಲಿ ಜ್ಞಾನ ಕೇಂದ್ರಗಳನ್ನು ತೆರೆಯಿತು. ನಡೆಸಿದವರು ಆ ಊರಿನವರೇ, ಅವರಲ್ಲಿ ಹೆಣ್ಣುಮಕ್ಕಳೇ ಹೆಚ್ಚು. ವೀರಾಂಪಟ್ಟಿನಂ ಎಂಬ ಮೀನುಗಾರರ ಊರಿನಲ್ಲಿ ಅಮೆರಿಕದ ನೌಕಾಪಡೆಯ ಜಾಲತಾಣದಿಂದ ಅಲೆಗಳ ಎತ್ತರದ ಮುನ್ಸೂಚನೆ ಇಳಿಸಿಕೊಂಡು, ತಮಿಳಿಗೆ ತಿರುಗಿಸಿ, ಧ್ವನಿವರ್ಧಕದಲ್ಲಿ ಸಾರುತ್ತಿದ್ದರು. 2004ರ ಡಿಸೆಂಬರ್ 26ರಂದು ನಲ್ಲವಾಡು ಎಂಬ ಊರಿಗೆ ಸಿಂಗಪುರದಿಂದ ಎಚ್ಚರಿಕೆಯ ಫೋನ್ ಕರೆ ಬಂದಾಗ ಅಲ್ಲಿನ ಜನ ಜ್ಞಾನ ಕೇಂದ್ರದ ಧ್ವನಿವರ್ಧಕದಿಂದಲೇ ಊರನ್ನು ಎಬ್ಬಿಸಿದರು. ಸುಮಾರು 3,500 ಜನರ ಆ ಊರು ಸುನಾಮಿಯಿಂದ ಪಾರಾಯಿತು. ಉಪಕರಣ ಸಾಧಾರಣದ್ದು. ಅದನ್ನು ಬಳಸಲು ತಯಾರಾಗಿದ್ದ ಮನುಷ್ಯರಿಂದ ಜೀವ ಉಳಿಯಿತು.

ಸೋಲಿನ ಪಾಠವೂ ಹತ್ತಿರದಲ್ಲೇ ಇದೆ. ಐಐಟಿ ಮದ್ರಾಸಿನ ತಂಡವೊಂದು 1990ರ ದಶಕದಲ್ಲಿ ಕಾರ್‌ಡೆಕ್ಟ್ ಎಂಬ ನಿಸ್ತಂತು ತಂತ್ರಜ್ಞಾನ ರೂಪಿಸಿ, 2000ದ ದಶಕದ ಮೊದಲ ವರ್ಷಗಳಲ್ಲಿ ತಮಿಳುನಾಡಿನ ಹಳ್ಳಿಗಳಲ್ಲಿ ಇಂಟರ್‌ನೆಟ್ ಕಿಯೋಸ್ಕ್‌ಗಳಿಗೆ ದಾರಿ ಮಾಡಿತು. ತಂತ್ರಜ್ಞಾನ ಕೆಲಸ ಮಾಡಿತು. ಆದರೆ ಕಿಯೋಸ್ಕ್ ನಡೆಸುವವನ ಹೊಟ್ಟೆ ತುಂಬುವಷ್ಟು ಆದಾಯ ಬರಲಿಲ್ಲ, ಅನೇಕ ಕಿಯೋಸ್ಕ್‌ಗಳು ಬಾಗಿಲು ಹಾಕಿದವು. ಕಲಿಸುವವನಿಗೆ ಸಂಬಳ ಕೊಡದೆ ಊರು ತಾನೇ ಸಾಕಿಕೊಳ್ಳಲಿ ಎಂದರೆ ಆಗುವುದು ಇದೇ. ಈ ಗೆಲುವು, ಈ ಸೋಲು ಎರಡನ್ನೂ ಓದಿಕೊಂಡು ದ್ವೀಪಗಳಿಗೆ ಯೋಜನೆ ಬರೆಯಬಹುದಿತ್ತು. ಬರೆಯದೆ ಇದ್ದದ್ದು ಅಕ್ಷಮ್ಯ.

ಇದು ಕಡಲಾಚೆಯವರ ಸಂಗತಿ ಎಂದು ಕನ್ನಡಿಗರು ಕೈತೊಳೆದುಕೊಳ್ಳುವಂತಿಲ್ಲ. ಅಮಿನಿ, ಕಡಮತ್, ಕಿಲ್ತಾನ್, ಚೆಟ್ಲಾತ್, ಬಿತ್ರ ದ್ವೀಪಗಳು 1956ರ ವರೆಗೂ ದಕ್ಷಿಣ ಕನ್ನಡ ಜಿಲ್ಲೆಯ ಆಡಳಿತದಲ್ಲಿದ್ದವು. ಮಂಗಳೂರಿನ ಹಳೆ ಬಂದರಿಗೂ ಲಕ್ಷದ್ವೀಪಕ್ಕೂ ಸರಕಿನ ನಂಟು ಇಂದಿಗೂ ಇದೆ. ಅದು ಬಿಡಿ, ನಮ್ಮದೇ ನದಿಗಳ ನಡುವೆ ದ್ವೀಪಗಳಿವೆ. ರಾಯಚೂರು ತಾಲ್ಲೂಕಿನ ಕುರ್ವಕುಲಾ, ಕುರ್ವಕುರ್ದಾ. ಲಿಂಗಸುಗೂರು ತಾಲ್ಲೂಕಿನ ಕರಕಲಗಡ್ಡಿ, ಮ್ಯಾದರಗಡ್ಡಿ. ಕೃಷ್ಣೆಗೆ ನೀರು ಬಿಟ್ಟರೆ ಈ ಗಡ್ಡಿಗಳ, ಅಂದರೆ ನದಿ ನಡುವಿನ ದ್ವೀಪಗಳ, ಮಕ್ಕಳ ಶಾಲೆ ಕಾಲೇಜು ನಿಂತಂತೆಯೇ. ಶರಾವತಿ ಹಿನ್ನೀರಿನಾಚೆಯ ಕರೂರು–ಬಾರಂಗಿ ಹೋಬಳಿ ಲಿಂಗನಮಕ್ಕಿ ಅಣೆಕಟ್ಟೆಯಿಂದಾಗಿ ದಶಕಗಳ ಕಾಲ ಲಾಂಚನ್ನೇ ನಂಬಿತ್ತು. ಕೋವಿಡ್ ಕಾಲದಲ್ಲಿ ಪಾಠಗಳೆಲ್ಲ ಫೋನಿಗೆ ಬಂದಾಗ ಆ ಹೋಬಳಿಯ ತುಮರಿ ಭಾಗದ ಯುವಜನ ‘ನೋ ನೆಟ್‌ವರ್ಕ್, ನೋ ವೋಟಿಂಗ್’ ಎಂದು ಚಳವಳಿ ಕಟ್ಟಿದರು. ನಾಡಿಗೆ ಬೆಳಕು ಕೊಡಲು ಮುಳುಗಿದ ಊರುಗಳ ಮಕ್ಕಳು ಸಿಗ್ನಲ್ಲಿಗಾಗಿ ಬೀದಿಗಿಳಿಯಬೇಕಾಯಿತು. 2025ರ ಜುಲೈ 14ರಂದು ಆ ಹಿನ್ನೀರಿನ ಮೇಲೆ ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ತೆರೆಯಿತು. ರಸ್ತೆಯ ಹಸಿವು ತೀರಿತು. ಕಲಿಕೆಯ ಹಸಿವನ್ನು ಸೇತುವೆ ತೀರಿಸುವುದಿಲ್ಲ.

ಆಗಬೇಕಾದದ್ದನ್ನು ನೇರವಾಗಿ ಹೇಳುತ್ತೇವೆ. ಮೊದಲನೆಯದು, ದುಡ್ಡು. ಎರಡು ಕೇಬಲ್‌ಗಳ ವೆಚ್ಚದಲ್ಲಿ ಶೇ 1 ಎಂದರೆ ಸುಮಾರು 23 ಕೋಟಿ ರೂಪಾಯಿ. ಅಷ್ಟನ್ನು ಕೇಂದ್ರ ಸರ್ಕಾರ ಬೋಧನೆಗೆಂದೇ ಎತ್ತಿಡಲಿ. 2011ರ ಜನಗಣತಿಯಂತೆ ಲಕ್ಷದ್ವೀಪದ ಜನಸಂಖ್ಯೆ 64,473. ಸಾಕ್ಷರತೆ ಶೇ 91ಕ್ಕೂ ಹೆಚ್ಚು. ಇಷ್ಟು ಚಿಕ್ಕ, ಇಷ್ಟು ಓದಿದ ಸಮಾಜಕ್ಕೆ ಕಲಿಸಲಾಗದು ಎಂಬ ನೆಪ ನಿಲ್ಲುವುದಿಲ್ಲ. ಎರಡನೆಯದು, ಜನ. ಪ್ರತಿ ಜನವಸತಿ ದ್ವೀಪದಲ್ಲಿ ಅಲ್ಲಿನವರನ್ನೇ, ಒಬ್ಬ ಹುಡುಗ ಒಬ್ಬ ಹುಡುಗಿಯನ್ನು, ಪೂರ್ಣ ಸಂಬಳ ಕೊಟ್ಟು ತರಬೇತುದಾರರನ್ನಾಗಿ ನೇಮಿಸಲಿ. ಅವರನ್ನು ಒಂದು ಶೈಕ್ಷಣಿಕ ವರ್ಷ ತಯಾರು ಮಾಡುವ ಹೊಣೆಯನ್ನು ವೇಲಚೇರಿ ಸುತ್ತಲಿನ ಮೂರು ಸಂಸ್ಥೆಗಳಿಗೆ ಜಂಟಿಯಾಗಿ ವಹಿಸಲಿ. ಮೂರನೆಯದು, ಭಾಷೆ. ಮಿನಿಕಾಯ್‌ನಲ್ಲಿ ಮಹಲ್, ಕಾರ್ ನಿಕೋಬಾರಿನಲ್ಲಿ ನಿಕೋಬಾರಿ, ಕೃಷ್ಣೆಯ ಗಡ್ಡಿಯಲ್ಲಿ ಕನ್ನಡ. ಇಂಗ್ಲಿಷ್ ವಿಡಿಯೊ ತೋರಿಸಿ ಎದ್ದುಹೋಗುವುದು ಪಾಠವಲ್ಲ. ನಾಲ್ಕನೆಯದು, ಜಾಲವಿಲ್ಲದಾಗಲೂ ನಡೆಯುವ ವ್ಯವಸ್ಥೆ. ಕೇಬಲ್ ಕೆಟ್ಟರೆ ದುರಸ್ತಿಗೆ ಹಡಗು ಬರಬೇಕು. ಅಲ್ಲಿಯವರೆಗೆ ವಿಕಿಪೀಡಿಯ, ಪಾಠಗಳು, ನಕ್ಷೆಗಳು ಊರಿನದೇ ಒಂದು ಕಂಪ್ಯೂಟರಿನಲ್ಲಿ ಉಳಿದಿರಲಿ. ಐದನೆಯದು, ಅಳತೆಗೋಲು. ಎಷ್ಟು ಜನ ಹೆಸರು ಬರೆಸಿದರು ಎಂಬುದು ಬೇಡ. ಎರಡು ದ್ವೀಪಗಳ ಯುವಜನ ಕೂಡಿ ಏನು ಮಾಡಿ ತೋರಿಸಿದರು ಎಂಬುದನ್ನು ವರ್ಷಕ್ಕೊಮ್ಮೆ ಸಂಸತ್ತಿನ ಮುಂದಿಡಲಿ.

ಕರ್ನಾಟಕ ಸರ್ಕಾರ ದೆಹಲಿಯತ್ತ ನೋಡುತ್ತ ಕೂರಬೇಕಿಲ್ಲ. ಗ್ರಾಮ ಪಂಚಾಯಿತಿ ಗ್ರಂಥಾಲಯಗಳು ಈಗ ಅರಿವು ಕೇಂದ್ರಗಳಾಗಿವೆ. ತುಮರಿಯಲ್ಲೂ ಕೃಷ್ಣೆಯ ಗಡ್ಡಿಗಳಲ್ಲೂ ಈ ಕೆಲಸ ಅಲ್ಲಿಂದಲೇ ಆರಂಭವಾಗಲಿ. ಬೋರ್ಡು ಬದಲಾದರೆ ಸಾಲದು. ಸಂಜೆ ಹೊತ್ತು, ಹುಡುಗಿಯರೂ ಧೈರ್ಯವಾಗಿ ಬರುವಂತೆ ಬಾಗಿಲು ತೆರೆದಿರಬೇಕು, ಮೇಲ್ವಿಚಾರಕರಿಗೆ ಬದುಕುವಷ್ಟು ಸಂಬಳ ಸಿಗಬೇಕು, ಕಂಪ್ಯೂಟರ್ ಬೀರುವಿನಿಂದ ಹೊರಗೆ ಬರಬೇಕು. ಮುಂದಿನ ಬಜೆಟ್ಟಿನಲ್ಲಿ ಇದಕ್ಕೊಂದು ಪ್ರತ್ಯೇಕ ಸಾಲು ಕಾಣದಿದ್ದರೆ ಡಿಜಿಟಲ್ ಕರ್ನಾಟಕದ ಮಾತನ್ನು ಸರ್ಕಾರ ನಿಲ್ಲಿಸುವುದು ಒಳ್ಳೆಯದು. ಕೇಬಲ್ ಹಾಕಿದ್ದಕ್ಕೆ ಈಗಾಗಲೇ ಸಾಕಷ್ಟು ಚಪ್ಪಾಳೆ ಬಿದ್ದಿದೆ. ಕಲಿಸದೆ ಬಿಟ್ಟದ್ದಕ್ಕೆ ಇನ್ನೂ ಯಾರೂ ಉತ್ತರ ಕೊಟ್ಟಿಲ್ಲ. ಕೊಡಲೇಬೇಕು.