ಪ್ರಸಾದದ ಸೊಪ್ಪಿಗೆ ಯಾವ ನೀರು?



ಹಲಸೂರಿನ ನಮ್ಮ ಬಳಗದ ತಿಂಗಳ ದಾಸೋಹಕ್ಕೆ ತರಕಾರಿ ತರುವ ಸೇವೆ ಹಲವು ವರ್ಷಗಳಿಂದ ನನ್ನದು. ನಸುಕಿನಲ್ಲೇ ಶಿವಾಜಿನಗರದ ಮಾರ್ಕೆಟ್ಟಿಗೆ ಹೋಗಿ ದಂಟು, ಪಾಲಕ್, ಕೊತ್ತಂಬರಿ ಕಟ್ಟುಗಳನ್ನು ಆರಿಸಿ ತರುತ್ತೇನೆ. ಅಡುಗೆಮನೆಯಲ್ಲಿ ನಮ್ಮವರು ಕೇಳುವ ಪ್ರಶ್ನೆಗಳು ಇಷ್ಟೇ: ಅಕ್ಕಿ ಹಳೆಯದೋ ಹೊಸದೋ? ಎಣ್ಣೆ ಯಾವುದು? ಅಡುಗೆಯವರು ಯಾರ ಪೈಕಿ? ಮೂರನೆಯದನ್ನು ಕೇಳುವವರಿಗೆ ಬಸವಣ್ಣನವರ ಹೆಸರೆತ್ತುವ ಹಕ್ಕಿಲ್ಲ. ಅದು ಬೇರೆ ಮಾತು. ಆದರೆ ಈ ಸೊಪ್ಪು ಯಾವ ನೀರು ಕುಡಿದು ಬೆಳೆಯಿತು ಎಂದು ಒಬ್ಬರೂ ಕೇಳಿಲ್ಲ. ಹೋದ ತಿಂಗಳವರೆಗೆ ನಾನೂ ಕೇಳಿರಲಿಲ್ಲ. ಕೇಳಿದಾಗ ಸೊಪ್ಪಿನಮ್ಮ ಸಂಕೋಚವಿಲ್ಲದೆ ಹೇಳಿದರು: "ವರ್ತೂರಿನ ಆಚೆಯದು ಅಣ್ಣ. ಇನ್ಯಾವ ನೀರು, ಕಾಲುವೆ ನೀರೇ."

ಆ ಕಾಲುವೆ ನೀರು ಯಾರದು? ಸುಮಾರು ನೂರು ಕಿಲೋಮೀಟರ್ ದೂರದಿಂದ, 500 ಮೀಟರಿನಷ್ಟು ಎತ್ತರಕ್ಕೆ ಪಂಪು ಮಾಡಿ ಕಾವೇರಿಯನ್ನು ನಮ್ಮ ನಲ್ಲಿಗೆ ತರುತ್ತಾರೆ. ನಾವು ಮಿಂದು, ತೊಳೆದು, ಕಕ್ಕಸಿಗೆ ಸುರಿದದ್ದು ರಾಜಕಾಲುವೆಗೆ ಬಿದ್ದು, ಚಲ್ಲಘಟ್ಟ ಕಣಿವೆಯಲ್ಲಿ ಇಳಿದು ಬೆಳ್ಳಂದೂರು ಕೆರೆ, ಅಲ್ಲಿಂದ ವರ್ತೂರು ಕೆರೆ, ಮುಂದೆ ದಕ್ಷಿಣ ಪಿನಾಕಿನಿ ಸೇರುತ್ತದೆ. ಕೆ.ಆರ್.ಪುರದ ಕಡೆಯದು ಎಲೆ ಮಲ್ಲಪ್ಪ ಶೆಟ್ಟಿ ಕೆರೆಯ ಮಾರ್ಗವಾಗಿ ಅದೇ ನದಿಗೆ. ಒಬ್ಬ ವೀಳ್ಯದೆಲೆ ವ್ಯಾಪಾರಿ ತನ್ನ ದುಡಿಮೆಯ ಹಣ ಸುರಿದು ಕಟ್ಟಿಸಿದ ಕೆರೆ ಅದು!

2017ರ ಫೆಬ್ರವರಿಯಲ್ಲಿ, ಮತ್ತೆ 2018ರ ಜನವರಿಯಲ್ಲಿ ಬೆಳ್ಳಂದೂರು ಕೆರೆ ಹೊತ್ತಿ ಉರಿಯಿತು. ಆ ವರ್ಷದ ಡಿಸೆಂಬರಿನಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ರಾಜ್ಯ ಸರ್ಕಾರಕ್ಕೆ 50 ಕೋಟಿ, ಪಾಲಿಕೆಗೆ 25 ಕೋಟಿ ರೂಪಾಯಿ ದಂಡ ಹಾಕಿತು. ಆಮೇಲೆ ಹೂಳೆತ್ತುವ ಕೆಲಸ ಶುರುವಾಯಿತು. ಕಾಲುವೆ ಮಾತ್ರ ಹರಿಯುತ್ತಲೇ ಇದೆ.

"ತೊಳೆದು ಬೇಯಿಸಿದರೆ ಎಲ್ಲ ಹೋಗುತ್ತದೆ" ಎನ್ನುವವರಿದ್ದಾರೆ. ತೊಳೆದರೆ ಮಣ್ಣು ಹೋಗುತ್ತದೆ, ಬೇಯಿಸಿದರೆ ರೋಗಾಣು ಸಾಯುತ್ತದೆ. ಕಾರ್ಖಾನೆ, ವರ್ಕ್‌ಶಾಪುಗಳಿಂದ ಚರಂಡಿಗೆ ಬಂದ ಸೀಸ, ಕ್ಯಾಡ್ಮಿಯಂ, ನಿಕಲ್ ಬೇರಿನಿಂದ ಹೀರಿ ಎಲೆಯೊಳಗೆ ಸೇರಿದ ಮೇಲೆ ತೊಳೆದರೂ ಕುದಿಸಿದರೂ ಹೋಗುವುದಿಲ್ಲ. ಕಾಯಿಗಿಂತ ಸೊಪ್ಪೇ ಇವನ್ನು ಹೆಚ್ಚು ಹಿಡಿದಿಟ್ಟುಕೊಳ್ಳುತ್ತದೆ. ಸೀಸ ಮಕ್ಕಳ ಮಿದುಳನ್ನು ಕೆಡಿಸುತ್ತದೆ, ಕ್ಯಾಡ್ಮಿಯಂ ಮೂತ್ರಪಿಂಡದಲ್ಲಿ ವರ್ಷಗಟ್ಟಲೆ ಕೂರುತ್ತದೆ. ನಗರದ ಅಂಗಡಿಗಳಿಂದ ತಂದ ತರಕಾರಿಯಲ್ಲಿ ಇಂಥ ಲೋಹಗಳು ಮಿತಿ ಮೀರಿರುವುದನ್ನು ಸರ್ಕಾರದ್ದೇ ಸಂಸ್ಥೆಯಾದ ಎಂಪ್ರಿ 2023ರಲ್ಲಿ ಹೊರಗೆಡವಿತು. ಇನ್ನು ಕೋಸಂಬರಿಗೆ ಹಸಿಯಾಗಿ ಉದುರಿಸುವ ಕೊತ್ತಂಬರಿಯಲ್ಲಿ ರೋಗಾಣುವೂ ಸಾಯುವುದಿಲ್ಲ.

ಇದನ್ನು ಹೇಳಿದಾಗ ನಮ್ಮ ಹಿರಿಯರೊಬ್ಬರು "ಹಾಗಾದರೆ ಆ ರೈತರ ಸೊಪ್ಪನ್ನೇ ಬಿಟ್ಟುಬಿಡೋಣ" ಎಂದರು. ಈ ಮಾತಿಗೆ ನನ್ನ ಕಟು ವಿರೋಧವಿದೆ. ಬೋರ್‌ವೆಲ್ ಬತ್ತಿದ ರೈತ ಎದುರಿಗೆ ಹರಿಯುವ ನೀರನ್ನು ಹಾಯಿಸದೆ ಇನ್ನೇನು ಮಾಡಬೇಕು? ಆ ಕೊಳಚೆಯಲ್ಲಿ ಬರಿಗಾಲಲ್ಲಿ ನಿಂತು ದುಡಿಯುವವರು ಅವರು. ಕಾಯಕ ಅವರದು, ಹೊಲಸು ನಮ್ಮದು. ಹೊಲಸು ಮಾಡಿದವರು ದುಡಿದವರನ್ನು ಮೈಲಿಗೆಯೆಂದು ದೂರ ಇಡುವುದು ಹಳೆಯ ರೋಗ. ಶರಣರು ಹೋರಾಡಿದ್ದು ಅದರ ವಿರುದ್ಧವೇ.

ಇಂದಿರಾನಗರದಲ್ಲಿ ನನ್ನ ಮಗಳಿರುವ ಅಪಾರ್ಟ್‌ಮೆಂಟಿನಲ್ಲಿ ಕೊಳಚೆ ಶುದ್ಧೀಕರಿಸುವ ಎಸ್‌ಟಿಪಿ ಇದೆ. ಕರೆಂಟ್ ಬಿಲ್ ಉಳಿಸಲು ರಾತ್ರಿ ಅದನ್ನು ನಿಲ್ಲಿಸುತ್ತಾರೆ. ನೀರು ನೇರವಾಗಿ ಚರಂಡಿಗೆ. ಅಲ್ಲಿನ ಪದಾಧಿಕಾರಿಗಳಲ್ಲಿ ಇಬ್ಬರು ನಮ್ಮವರೇ, ನಿತ್ಯ ಇಷ್ಟಲಿಂಗಪೂಜೆ ಮಾಡುವವರು. ಸೊನ್ನಲಿಗೆಯಲ್ಲಿ ಸಿದ್ಧರಾಮ ಶಿವಯೋಗಿಗಳು ಕೆರೆ ಕಟ್ಟಿಸಿದ್ದನ್ನು ವೇದಿಕೆಯಲ್ಲಿ ಕೊಂಡಾಡುತ್ತೇವೆ. ಪಾದೋದಕ, ಪ್ರಸಾದಗಳನ್ನು ಅಷ್ಟಾವರಣದಲ್ಲಿ ಎಣಿಸುತ್ತೇವೆ. ಆದರೆ ಫ್ಲಶ್ ಒತ್ತಿದ ಮೇಲೆ ನೀರು ಯಾರ ಹೊಲಕ್ಕೆ ಹೋಯಿತೆಂದು ನೋಡುವುದಿಲ್ಲ. 2018ರಿಂದ ಈ ಕಣಿವೆಯ ನೀರನ್ನು ಎರಡೇ ಹಂತದಲ್ಲಿ ಶುದ್ಧೀಕರಿಸಿ ಕೋಲಾರದ ಕೆರೆಗಳಿಗೂ ತುಂಬಿಸುತ್ತಿದ್ದಾರೆ. ಮೂರನೆಯ ಹಂತ ಬೇಕೆಂದು ಅಲ್ಲಿಯ ಜನ ಕೂಗುತ್ತಿದ್ದಾರೆ. ಇಲ್ಲಿಂದ ನೀರು ಕಳಿಸುವ ನಾವು ಅವರ ಜೊತೆ ದನಿ ಸೇರಿಸಿದ್ದೇವೆಯೇ? ಮಠಗಳು ಒಂದು ಮನವಿ ಕೊಟ್ಟರೆ ಯಾವ ಸರ್ಕಾರವೂ ಕಡೆಗಣಿಸಲಾರದು.

ನಮ್ಮ ಸಮಿತಿಯ ಮುಂದೆ ಎರಡು ಮಾತು ಇಟ್ಟೆ. ದಾಸೋಹದ ಸೊಪ್ಪನ್ನು ಲ್ಯಾಬಿಗೆ ಕಳಿಸೋಣ. ಸದಸ್ಯರೆಲ್ಲರೂ ತಮ್ಮ ತಮ್ಮ ಕಟ್ಟಡದ ಎಸ್‌ಟಿಪಿ ದಿನಕ್ಕೆಷ್ಟು ಗಂಟೆ ಓಡುತ್ತದೆಂದು ಬರೆದು ತರೋಣ. ಮೊದಲನೆಯದಕ್ಕೆ ಎಲ್ಲರೂ ಕೈ ಎತ್ತಿದರು. ಎರಡನೆಯದು ಬರುವಷ್ಟರಲ್ಲಿ ಪ್ರಸಾದಕ್ಕೆ ಹೊತ್ತಾಯಿತೆಂದು ಸಭೆಯನ್ನು ಮುಂದಕ್ಕೆ ಹಾಕಿದರು.